ಹೊಗೆಯ ಬೆಲೆ ಯಾರ ಲೆಕ್ಕಕ್ಕೆ?

ಚೆಂಬೂರಿನಲ್ಲಿ ನಮ್ಮ ಮನೆಯಿಂದ ಎರಡು ಗಲ್ಲಿ ದಾಟಿದರೆ ಕುಂದಾಪುರದ ಕಡೆಯವರ ಒಂದು ಹೋಟೆಲಿದೆ. ಬೆಳಗಿನ ವಾಕಿಂಗ್ ಮುಗಿಸಿ ಅಲ್ಲಿ ಕಾಫಿ ಕುಡಿಯುವುದು ನಿವೃತ್ತಿಯ ನಂತರ ನಾನು ಮಾಡಿಕೊಂಡ ರೂಢಿ. ಕಳೆದ ಬೇಸಿಗೆಯಲ್ಲೊಂದು ದಿನ ಗಲ್ಲೆಯಲ್ಲಿ ಕೂತಿದ್ದ ಶೆಟ್ಟರು ಕರೆಂಟ್ ಬಿಲ್ಲನ್ನು ನನ್ನ ಮುಂದೆ ಚಾಚಿದರು.

“ಅಕ್ಕ, ಇದನ್ನೊಂದು ನೋಡಿ ಹೇಳಿ ಮಾರಾಯ್ರೆ. ಹೋದ ತಿಂಗಳಿಗಿಂತ ಯೂನಿಟ್ ಕಮ್ಮಿ ಉಂಟು, ದುಡ್ಡು ಜಾಸ್ತಿ ಬಂದಿದೆ. ಎಂಥ ಲೆಕ್ಕ ಇದು?”

ನೋಡಿದೆ. ಬಿಲ್ಲಿನ ನಡುವೆ ‘ಇಂಧನ ಸಮಾಯೋಜನ ಆಕಾರ’ ಎಂದು ಮರಾಠಿಯಲ್ಲಿ ಒಂದು ಸಾಲು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಎಲ್ಲರೂ ಅದನ್ನು ‘ಎಫ್‌ಎಸಿ’ ಅನ್ನುತ್ತಾರೆ. ಕಂಪನಿ ಕೊಳ್ಳುವ ಇಂಧನ ಮತ್ತು ವಿದ್ಯುತ್ತಿನ ಬೆಲೆ ಅಂದಾಜಿಗಿಂತ ಏರಿದರೆ, ಏರಿದಷ್ಟು ಹಣ ಈ ಸಾಲಿನ ಮೂಲಕ ಗ್ರಾಹಕನ ಮೇಲೆ ಬರುತ್ತದೆ. ಇಳಿದರೆ ಹಿಂದಿರುಗಿ ಬರಬೇಕು. ಶೆಟ್ಟರಿಗೆ ಅಷ್ಟು ಹೇಳಿ ಕಾಫಿ ಮುಗಿಸಿದೆ. ಆದರೆ ಮನೆಗೆ ಬಂದ ಮೇಲೂ ಆ ಸಾಲು ತಲೆಯಲ್ಲೇ ಕೂತಿತ್ತು. 31 ವರ್ಷ ಒಂದು ವಿದ್ಯುತ್ ಕಂಪನಿಯ ಖರೀದಿ ವಿಭಾಗದಲ್ಲಿ ದುಡಿದವಳು ನಾನು. ಹೊಗೆಗೆ ಬೆಲೆ ಕಟ್ಟಿ ಮಾರುಕಟ್ಟೆಯಲ್ಲಿ ಮಾರುವ ಹೊಸ ವ್ಯವಸ್ಥೆಯ ಬಗ್ಗೆ ಪತ್ರಿಕೆಗಳಲ್ಲಿ ಈಗ ದಿನಾ ಓದುತ್ತೇನೆ. ಆ ವ್ಯವಸ್ಥೆ ಗೆಲ್ಲುವುದೂ ಸೋಲುವುದೂ ಶೆಟ್ಟರ ಬಿಲ್ಲಿನ ಆ ಒಂದು ಸಾಲಿನ ಮೇಲೆ ನಿಂತಿದೆ ಎಂಬುದು ನನ್ನ ನಂಬಿಕೆ. ಯಾಕೆ ಎಂದು ಹೇಳುತ್ತೇನೆ.

ಖರೀದಿ ವಿಭಾಗದ ಕೆಲಸ ಏನೆಂದು ಮೊದಲು ಹೇಳಬೇಕು. ದಿನದ 24 ಗಂಟೆಯನ್ನು ಹದಿನೈದು ನಿಮಿಷದ 96 ತುಂಡು ಮಾಡುತ್ತೇವೆ. ಒಂದೊಂದು ತುಂಡಿಗೆ ‘ಬ್ಲಾಕ್’ ಎಂದು ಹೆಸರು. ನಾಳೆ ಯಾವ ಬ್ಲಾಕಿನಲ್ಲಿ ಎಷ್ಟು ಮೆಗಾವ್ಯಾಟ್ ಬೇಕು, ಯಾವ ಸ್ಥಾವರದಿಂದ ಎಷ್ಟು ತೆಗೆದುಕೊಳ್ಳಬೇಕು ಎಂಬ ಷೆಡ್ಯೂಲನ್ನು ಇವತ್ತೇ ಕಳ್ವಾದ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ಕೊಡಬೇಕು. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಇಡೀ ಮುಂಬೈಯ ಏಸಿಗಳು ಒಟ್ಟಿಗೆ ಓಡುವಾಗ ಬ್ಲಾಕ್ ತಪ್ಪಿದರೆ ಹೊರಗಿನಿಂದ ತುಟ್ಟಿ ಕರೆಂಟು ತರಬೇಕು. ಆ ಮೇಜಿನ ಮೇಲೆ ಒಂದೇ ಒಂದು ಹಾಳೆ ರಾಜ. ಅದರ ಹೆಸರು ಮೆರಿಟ್ ಆರ್ಡರ್. ಯಾವ ಸ್ಥಾವರ ಒಂದು ಯೂನಿಟ್ ಮಾಡಲು ಎಷ್ಟು ರೂಪಾಯಿಯ ಇಂಧನ ಸುಡುತ್ತದೆ ಎಂಬ ಪಟ್ಟಿ ಅದು. ಅಗ್ಗದ್ದು ಮೇಲೆ, ತುಟ್ಟಿಯದು ಕೆಳಗೆ. ಮೇಲಿನಿಂದ ಕರೆಯುತ್ತಾ ಬರಬೇಕು, ಬೇಡಿಕೆ ತುಂಬಿದಲ್ಲಿ ಗೆರೆ ಎಳೆಯಬೇಕು. ಗೆರೆಯ ಕೆಳಗಿನ ಸ್ಥಾವರ ಆ ಹೊತ್ತು ಸುಮ್ಮನೆ ನಿಲ್ಲುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಆ ಹಾಳೆಯಲ್ಲಿ ಹೊಗೆಗೆ ಕಾಲಮ್ಮೇ ಇರಲಿಲ್ಲ. ನಿವೃತ್ತಳಾದ ದಿನವೂ ಇರಲಿಲ್ಲ.

ಕಾಲಮ್ ಬಂದರೆ ಏನಾಗುತ್ತದೆ? ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಮಾಡಿದರೆ ಸುಮಾರು 950 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅನಿಲದಿಂದಾದರೆ ಹೆಚ್ಚು ಕಡಿಮೆ 450 ಗ್ರಾಂ. ಲೆಕ್ಕಕ್ಕೆಂದು ಕಲ್ಲಿದ್ದಲು ಯೂನಿಟ್ಟಿಗೆ 5 ರೂಪಾಯಿ, ಅನಿಲ 9 ರೂಪಾಯಿ ಎಂದು ಇಟ್ಟುಕೊಳ್ಳಿ. ಒಂದು ಟನ್ ಇಂಗಾಲಕ್ಕೆ 500 ರೂಪಾಯಿ ಬೆಲೆ ಕಟ್ಟಿದರೆ ಕಲ್ಲಿದ್ದಲು 5 ರೂಪಾಯಿ 48 ಪೈಸೆ ಆಗುತ್ತದೆ, ಅನಿಲ 9 ರೂಪಾಯಿ 23 ಪೈಸೆ. ಹಾಳೆಯಲ್ಲಿ ಒಂದು ಹೆಸರೂ ಅತ್ತಿತ್ತ ಆಗುವುದಿಲ್ಲ. ಅದೇ ಕಲ್ಲಿದ್ದಲು ಮೊದಲು, ಅದೇ ಅನಿಲ ಕೊನೆಗೆ. ಟನ್ನಿಗೆ 8,000 ರೂಪಾಯಿ ಮುಟ್ಟಿದಾಗ ಎರಡೂ 12 ರೂಪಾಯಿ 60 ಪೈಸೆಗೆ ಬಂದು ಸಮ ನಿಲ್ಲುತ್ತವೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಅನಿಲ ಮೇಲೆ ಏರಿ ಕಲ್ಲಿದ್ದಲು ಕೆಳಗಿಳಿಯುತ್ತದೆ. ಯುರೋಪಿನಲ್ಲಿ 2023ರ ಫೆಬ್ರುವರಿಯಲ್ಲಿ ಟನ್ನಿನ ಬೆಲೆ 100 ಯುರೋ ದಾಟಿತ್ತು. ಆಗಿನ ನಮ್ಮ ಲೆಕ್ಕದಲ್ಲಿ 8,800 ರೂಪಾಯಿಯ ಆಸುಪಾಸು. ಅಂಥ ಬೆಲೆಯಲ್ಲಿ ಕಂಪನಿಯ ಆಡಳಿತ ಮಂಡಳಿ ನಿದ್ದೆಗೆಡುತ್ತದೆ. 500 ಮೆಗಾವ್ಯಾಟಿನ ಒಂದು ಕಲ್ಲಿದ್ದಲು ಘಟಕ ಶೇ. 80ರ ಲೋಡಿನಲ್ಲಿ ಓಡಿದರೆ ದಿನಕ್ಕೆ 96 ಲಕ್ಷ ಯೂನಿಟ್, ಒಂಬತ್ತು ಸಾವಿರ ಟನ್ನಿಗೂ ಮಿಕ್ಕಿ ಇಂಗಾಲ. ಗುಣಿಸಿ ನೋಡಿ.

ಈ ವ್ಯವಸ್ಥೆ ಹೊರಗಿನಿಂದ ಬಂದ ಹೊಸ ವಿಚಾರ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದರ ಅರ್ಧಭಾಗ ನಮ್ಮ ಚೆಂಬೂರಿನ ಬೆನ್ನಿಗೇ ಎಷ್ಟೋ ವರ್ಷಗಳಿಂದ ಇದೆ. ಟಾಟಾ ಪವರ್‌ನ ಟ್ರಾಂಬೆ ಸ್ಥಾವರಕ್ಕೆ ಗಂಧಕದ ಡೈಆಕ್ಸೈಡಿನ ಮಿತಿ ದಿನಕ್ಕೆ 24 ಟನ್. ಎದೆ ಹಿಡಿಸುವ, ಕಣ್ಣುರಿಸುವ ಅನಿಲ ಅದು. ಈ ಮಿತಿ ಒಂದೊಂದು ಚಿಮಣಿಗೆ ಬೇರೆ ಬೇರೆಯಾಗಿ ಹಾಕಿದ್ದಲ್ಲ, ಇಡೀ ಸ್ಥಾವರಕ್ಕೆ ಹಾಕಿದ್ದು. ಕಾಂಪೌಂಡಿನೊಳಗೆ ಕಲ್ಲಿದ್ದಲಿನ ಘಟಕಗಳೂ ಇವೆ, ಅನಿಲದ ಘಟಕವೂ ಇದೆ. ಒಂದರಲ್ಲಿ ಗಂಧಕ ಹೆಚ್ಚಾದರೆ ಇನ್ನೊಂದರಲ್ಲಿ ಉಳಿಸಬೇಕು. ಈ ಮಿತಿಯ ಕಾರಣಕ್ಕೇ ಅಲ್ಲಿ ಗಂಧಕವೂ ಬೂದಿಯೂ ಕಡಿಮೆ ಇರುವ ಇಂಡೊನೇಷ್ಯಾದ ಕಲ್ಲಿದ್ದಲನ್ನು ಹಡಗಿನಲ್ಲಿ ತರಿಸುತ್ತಾರೆ. ಸಮುದ್ರದ ನೀರಿನಿಂದ ಹೊಗೆ ತೊಳೆಯುವ ಯಂತ್ರ ಕೂರಿಸಿದ್ದೂ ಇದಕ್ಕೇ. ಯಾವ ದೇಶದ ಕಲ್ಲಿದ್ದಲು, ಎಷ್ಟು ವರ್ಷದ ಒಪ್ಪಂದ, ಯಾವ ಘಟಕಕ್ಕೆ ಎಷ್ಟು ಲೋಡ್ ಎಂಬ ವ್ಯಾಪಾರದ ನಿರ್ಧಾರಗಳು 24 ಎಂಬ ಒಂದು ಅಂಕಿಯ ಸುತ್ತ ತಿರುಗುತ್ತವೆ. ಮುಂಬೈಯಷ್ಟು ಕಿಕ್ಕಿರಿದ ಊರಿನ ನಡುವೆ ಕಲ್ಲಿದ್ದಲು ಉರಿಸುವಾಗ ಈ ಅಂಕಿ ಎಷ್ಟು ಜನರ ಉಸಿರು ಕಾದಿದೆ ಎಂದು ನೆನೆದಾಗ, ಅದನ್ನು ಬರೆದ ಅಧಿಕಾರಿ ಯಾರೇ ಇರಲಿ, ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಒಂದು ಕಾಂಪೌಂಡಿನೊಳಗಿನ ಈ ಹೊಂದಾಣಿಕೆಯನ್ನು ಕಂಪನಿ-ಕಂಪನಿಗಳ ನಡುವೆ, ದೇಶದ ಉದ್ದಗಲಕ್ಕೆ ಹರಡಿ, ‘ನೀನು ಉಳಿಸಿದ ಟನ್ನನ್ನು ಪಕ್ಕದವನಿಗೆ ಮಾರಿಕೋ’ ಎಂದರೆ ಅದೇ ಹೊಗೆಯ ಮಾರುಕಟ್ಟೆ. ಅಮೆರಿಕ 1990ರಲ್ಲಿ ಕಾನೂನು ಮಾಡಿ 1995ರಿಂದ ಗಂಧಕಕ್ಕೆ ಇದನ್ನು ಜಾರಿಗೆ ತಂದಿತು. ವಿದ್ಯುತ್ ಕಂಪನಿಗಳ ಮುಂದೆ ಮೂರು ದಾರಿ: ಹೊಗೆ ತೊಳೆಯುವ ಯಂತ್ರ ಹಾಕು, ಗಂಧಕ ಕಡಿಮೆ ಇರುವ ಕಲ್ಲಿದ್ದಲು ಹುಡುಕು, ಇಲ್ಲವೇ ಹೊಗೆ ಬಿಡುವ ಪರವಾನಗಿಯನ್ನು ಉಳಿಸಿದವರಿಂದ ಕೊಂಡುಕೋ. 1980ರಲ್ಲಿ ಅಲ್ಲಿನ ರೈಲು ಸಾಗಣೆಯ ಮೇಲಿನ ಬಿಗಿ ಸಡಿಲವಾಗಿ ಬಾಡಿಗೆ ಇಳಿದಿತ್ತು. ವಯೋಮಿಂಗ್ ರಾಜ್ಯದ ಗಂಧಕ ಕಡಿಮೆಯ ಕಲ್ಲಿದ್ದಲು ಸಾವಿರಾರು ಮೈಲಿ ದೂರದ ಸ್ಥಾವರಗಳಿಗೂ ಗಿಟ್ಟತೊಡಗಿತು. ಪರವಾನಗಿಯ ಬೆಲೆ ಎಲ್ಲರೂ ಹೆದರಿದ್ದಕ್ಕಿಂತ ಎಷ್ಟೋ ಕೆಳಗೆ ನಿಂತಿತು. ಗಂಧಕ ಇಳಿಯಿತು. ಅಲ್ಲಿ ನನ್ನ ಗಮನ ಸೆಳೆದ ಸಂಗತಿ ಇನ್ನೊಂದು. ಪರವಾನಗಿ ಅಗ್ಗವಾಗಿದ್ದರೂ ಕೆಲವು ಕಂಪನಿಗಳು ತುಟ್ಟಿಯ ಯಂತ್ರವನ್ನೇ ಹಾಕಿಸಿಕೊಂಡವು. ಅದಕ್ಕೆ ಕಾರಣ ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ವಿದ್ಯುತ್ ಕಂಪನಿ ಕಿರಾಣಿ ಅಂಗಡಿಯ ಹಾಗೆ ಲಾಭ ಮಾಡುವುದಿಲ್ಲ. ಅದರ ಲಾಭವನ್ನು ಗೊತ್ತು ಮಾಡುವುದು ನಿಯಂತ್ರಣ ಆಯೋಗ. ಸ್ಥಾವರಕ್ಕೋ ತಂತಿಗೋ ಯಂತ್ರಕ್ಕೋ ಕಂಪನಿ ಹಾಕಿದ ಸ್ವಂತ ಬಂಡವಾಳದ ಮೇಲೆ ಇಂತಿಷ್ಟು ಪ್ರತಿಫಲ ಎಂದು ನಿಗದಿ ಇರುತ್ತದೆ. ಕೇಂದ್ರ ಆಯೋಗದ ನಿಯಮದಲ್ಲಿ ಉಷ್ಣ ಸ್ಥಾವರಗಳಿಗೆ ಅದು ಶೇ. 15.5. ಇಂಧನದ ಖರ್ಚಿನ ಮೇಲೆ ಲಾಭವಿಲ್ಲ. ಅದು ಒಂದು ಕೈಯಿಂದ ಬಂದು ಇನ್ನೊಂದು ಕೈಯಿಂದ ಗ್ರಾಹಕನ ಬಿಲ್ಲಿಗೆ ಹೋಗುತ್ತದೆ. ಈಗ ನೀವೇ ಆ ಕಂಪನಿಯ ಹಣಕಾಸು ಅಧಿಕಾರಿ ಎಂದು ತಿಳಿಯಿರಿ. ನೂರು ಕೋಟಿಯ ಯಂತ್ರ ಹಾಕಿದರೆ ವರ್ಷವರ್ಷವೂ ಪ್ರತಿಫಲ ಬರುತ್ತದೆ. ಹತ್ತು ಕೋಟಿಯ ಪರವಾನಗಿ ಕೊಂಡರೆ ಖರ್ಚು ಬಂತು, ಖರ್ಚು ಹೋಯಿತು, ಕೈಗೆ ಏನೂ ದಕ್ಕಲಿಲ್ಲ. ಯಾವುದನ್ನು ಆರಿಸುತ್ತೀರಿ? ಅರ್ಥಶಾಸ್ತ್ರದ ಪುಸ್ತಕದಲ್ಲಿ ಕಂಪನಿ ಯಾವಾಗಲೂ ಅಗ್ಗದ ದಾರಿಯನ್ನೇ ಹಿಡಿಯುತ್ತದೆ. ನಮ್ಮ ಮೇಜಿನಲ್ಲಿ ಅದು ಆಯೋಗ ಯಾವುದಕ್ಕೆ ಪ್ರತಿಫಲ ಕೊಡುತ್ತದೋ ಆ ದಾರಿಯನ್ನು ಹಿಡಿಯುತ್ತದೆ. ಕಂಪನಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಿಯಮ ತೋರಿಸಿದ ಕಡೆಗೆ ಅವರು ನಡೆಯುತ್ತಾರೆ, ಅಷ್ಟೆ.

ಯುರೋಪಿನದು ಬೇರೆ ಕಥೆ. 2005ರಲ್ಲಿ ಶುರುವಾದಾಗ ಪರವಾನಗಿಗಳನ್ನು ಬಹುಪಾಲು ಪುಕ್ಕಟೆ ಹಂಚಿದರು. ಪುಕ್ಕಟೆ ಸಿಕ್ಕಿದ್ದಕ್ಕೂ ಮಾರುಕಟ್ಟೆಯಲ್ಲಿ ಬೆಲೆ ಇತ್ತಲ್ಲ, ಆ ಬೆಲೆಯನ್ನು ವಿದ್ಯುತ್ ಕಂಪನಿಗಳು ಯೂನಿಟ್ ದರಕ್ಕೆ ಸೇರಿಸಿಕೊಂಡು ಕೋಟಿಗಟ್ಟಲೆ ಯುರೋ ಲಾಭ ಮಾಡಿಕೊಂಡವು. ಜನ ಸಿಟ್ಟಾದರು. 2013ರಿಂದ ಕೆಲವು ಪೂರ್ವದ ದೇಶಗಳನ್ನು ಬಿಟ್ಟು ಉಳಿದೆಡೆ ವಿದ್ಯುತ್ ಕಂಪನಿಗಳು ಪರವಾನಗಿಯನ್ನು ಹರಾಜಿನಲ್ಲೇ ಕೊಳ್ಳಬೇಕಾಯಿತು. ಅದೇ ವರ್ಷ ಬೆಲೆ 3 ಯುರೋಗಿಂತ ಕೆಳಗೆ ಕುಸಿದದ್ದೂ ನಿಜ. ಆದರೆ ಮುಂದೆ ಏರುತ್ತದೆಂಬ ಅಂಜಿಕೆ ಬೇರೂರಿತು. ಜರ್ಮನಿಯ ಎ.ಆನ್ ಎಂಬ ದೊಡ್ಡ ಕಂಪನಿ 2016ರಲ್ಲಿ ತನ್ನ ಕಲ್ಲಿದ್ದಲು, ಅನಿಲದ ಸ್ಥಾವರಗಳನ್ನೆಲ್ಲ ಯುನಿಪರ್ ಎಂಬ ಬೇರೆ ಕಂಪನಿಗೆ ಹಾಕಿ ಕೈ ತೊಳೆದುಕೊಂಡಿತು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರ ರ‍್ಯಾಟ್‌ಕ್ಲಿಫ್ ಆ ಯುನಿಪರ್‌ನದೇ. ಅದು 2024ರ ಸೆಪ್ಟೆಂಬರ್ 30ರಂದು ಬಾಗಿಲು ಮುಚ್ಚಿತು.

ಇನ್ನು ನಮ್ಮಲ್ಲಿ. 2000ದ ದಶಕದ ಕೊನೆಯಲ್ಲಿ ಕ್ಯೋಟೋ ಒಪ್ಪಂದದಡಿ ‘ಕಾರ್ಬನ್ ಕ್ರೆಡಿಟ್’ ಎಂಬ ಮಾತು ಮುಂಬೈಯ ಕಚೇರಿಗಳಲ್ಲಿ ಚಿನ್ನದ ಗಣಿಯಂತೆ ಕೇಳಿಸುತ್ತಿತ್ತು. ಗಾಳಿಗಿರಣಿ ಹಾಕಿದರೆ ಕ್ರೆಡಿಟ್, ಹೊಸ ಬಗೆಯ ಬಾಯ್ಲರ್ ಹಾಕಿದರೆ ಕ್ರೆಡಿಟ್. 2008ರಲ್ಲಿ 20 ಯುರೋ ದಾಟಿದ್ದ ಕ್ರೆಡಿಟ್ 2012ರ ಕೊನೆಗೆ ಒಂದು ಯುರೋಗಿಂತ ಕೆಳಗೆ ಬಿತ್ತು. ಆ ಹಣವನ್ನು ನಂಬಿ ಯೋಜನೆ ಮಾಡಿದವರ ಮುಖ ಬಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದೇ 2012ರಲ್ಲಿ ಸರ್ಕಾರ ‘ಪ್ಯಾಟ್’ ಎಂಬ ಯೋಜನೆ ತಂದಿತು. ಇಂಧನ ದಕ್ಷತಾ ಬ್ಯೂರೋ ದೇಶದ 478 ಘಟಕಗಳಿಗೆ ಗುರಿ ಕೊಟ್ಟಿತು. ಅವುಗಳಲ್ಲಿ 144 ಉಷ್ಣ ವಿದ್ಯುತ್ ಸ್ಥಾವರಗಳು. ಗುರಿಗಿಂತ ಹೆಚ್ಚು ಇಂಧನ ಉಳಿಸಿದವರಿಗೆ ಸರ್ಟಿಫಿಕೇಟು, ಗುರಿ ಮುಟ್ಟದವರು ಅದನ್ನು ಕೊಳ್ಳಬೇಕು. ಒಂದು ಟನ್ ತೈಲಕ್ಕೆ ಸಮನಾದ ಉಳಿತಾಯಕ್ಕೆ ಒಂದು ಸರ್ಟಿಫಿಕೇಟು.

ಆ ದಿನಗಳಲ್ಲಿ ಲೆಕ್ಕ ತಾಳೆ ನೋಡಲು ನನ್ನನ್ನು ಒಂದು ಸ್ಥಾವರಕ್ಕೆ ಕಳಿಸಿದ್ದರು. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ಕಳೆದಿತ್ತು, ಟರ್ಬೈನ್ ಹಾಲ್ ನೋಡಿದ್ದು ಅದೇ ಮೊದಲು. ಅಲ್ಲಿನ ಎಂಜಿನಿಯರು ಉಗಿಯನ್ನು ತಣಿಸಿ ನೀರು ಮಾಡುವ ಕಂಡೆನ್ಸರ್ ಟ್ಯೂಬುಗಳನ್ನು ತೋರಿಸಿದರು. ಒಳಗೆ ಪಾಚಿ, ಚಿಪ್ಪು, ಉಪ್ಪಿನ ಪದರ. ಖಾಡಿಯ ನೀರು ಹರಿದು ಹರಿದು ಕಟ್ಟಿದ್ದು. ಅದನ್ನು ಉಜ್ಜಿ ತೆಗೆದು, ಸೋರುವ ಹತ್ತಾರು ವಾಲ್ವುಗಳನ್ನು ಬದಲಿಸಿದರೆ ಒಂದು ಯೂನಿಟ್ಟಿಗೆ ಹತ್ತು ಕಿಲೊಕ್ಯಾಲರಿ ಉಳಿಯುತ್ತದೆ ಎಂದರು. ಹತ್ತು ಕಿಲೊಕ್ಯಾಲರಿ ಏನು ಮಹಾ ಅಂದುಕೊಂಡೆ. ರಾತ್ರಿ ಗೆಸ್ಟ್‌ಹೌಸಿನಲ್ಲಿ ಕೂತು ಗುಣಿಸಿದೆ. ದಿನಕ್ಕೆ 96 ಲಕ್ಷ ಯೂನಿಟ್ ಎಂದರೆ ಒಂಬತ್ತು ಕೋಟಿ 60 ಲಕ್ಷ ಕಿಲೊಕ್ಯಾಲರಿ. ಕಿಲೋಗೆ 5,000 ಕಿಲೊಕ್ಯಾಲರಿಯ ಕಲ್ಲಿದ್ದಲಾದರೆ ದಿನಕ್ಕೆ 19 ಟನ್. ಎರಡು ಲಾರಿ ಕಲ್ಲಿದ್ದಲು, ದಿನಾ, ಬರೀ ಟ್ಯೂಬು ಉಜ್ಜಿದ್ದರಿಂದ! ಟನ್ನಿಗೆ 6,000 ರೂಪಾಯಿ ಹಿಡಿದರೂ ಲಕ್ಷಕ್ಕೆ ಮಿಕ್ಕಿದ ಉಳಿತಾಯ. ಅದಕ್ಕೆ ಸಿಗುವ ಸರ್ಟಿಫಿಕೇಟು ಒಂಬತ್ತೂವರೆ.

2017ರ ಸೆಪ್ಟೆಂಬರಿನಲ್ಲಿ ಆ ಸರ್ಟಿಫಿಕೇಟುಗಳ ಮಾರಾಟ ಶುರುವಾದಾಗ ಬೆಲೆ 1,200 ರೂಪಾಯಿ. ಅಂದರೆ ನಮ್ಮ ಟ್ಯೂಬಿನ ಲೆಕ್ಕದಲ್ಲಿ ದಿನಕ್ಕೆ ಹನ್ನೊಂದೂವರೆ ಸಾವಿರ. ಕೆಲವೇ ತಿಂಗಳಲ್ಲಿ ಬೆಲೆ ಕೆಲವು ನೂರಕ್ಕೆ ಇಳಿಯಿತು. ಇಳಿಯದೆ ಏನು? ಮಾರುವುದಕ್ಕೆ ಬಂದದ್ದು ಸುಮಾರು 38 ಲಕ್ಷ ಸರ್ಟಿಫಿಕೇಟು, ಕೊಳ್ಳಬೇಕಾದವರಿಗೆ ಬೇಕಿದ್ದದ್ದು 14 ಲಕ್ಷ. ಗುರಿಯೇ ಸಡಿಲವಾಗಿತ್ತು. ಹಾಗಾದರೆ ಪ್ಯಾಟ್ ಸೋತಿತೇ ಎಂದು ಕೇಳಿದರೆ ನಾನು ಇಲ್ಲ ಅನ್ನುತ್ತೇನೆ. ಮೊದಲ ಸುತ್ತಿನಲ್ಲಿ 86 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ ಉಳಿದಿದೆ. ಟ್ಯೂಬು ಉಜ್ಜುವಂತೆ ಮಾಡಿದ್ದು ಸರ್ಟಿಫಿಕೇಟಿನ ದುಡ್ಡಲ್ಲ, ಉಳಿದ ಕಲ್ಲಿದ್ದಲು. ಆಯೋಗ ಒಪ್ಪಿದ ಮಟ್ಟಕ್ಕಿಂತ ಕಡಿಮೆ ಉರಿಸಿದರೆ ಆ ಉಳಿಕೆಯಲ್ಲಿ ಗ್ರಾಹಕನ ಜೊತೆ ಕಂಪನಿಗೂ ಪಾಲು ಸಿಗುತ್ತದೆ. ಲಾಭ ಕಂಪನಿಯ ಲೆಕ್ಕಕ್ಕೆ ತಾಗಿದ ಕಡೆ ಕೆಲಸ ಆಯಿತು. ಬರೀ ಬಿಲ್ಲಿಗೆ ದಾಟಿಹೋಗುವ ಕಡೆ ಆಗಲಿಲ್ಲ. ನನ್ನ ಇಡೀ ವಾದ ಇಷ್ಟೇ.

ಮುಂಬೈ ಉಪನಗರಕ್ಕೆ ಈ ವಿಷಯದಲ್ಲಿ ಒಂದು ವಿಶೇಷ ಇದೆ. ದಕ್ಷಿಣದಲ್ಲಿ, ಮಾಹಿಮ್-ಸಯನ್‌ವರೆಗೆ, ಬೆಸ್ಟ್ ಕರೆಂಟು. ಮುಲುಂಡ್, ಭಾಂಡೂಪಿನ ಕಡೆ ಮಹಾವಿತರಣ. ನಡುವಿನ ಉಪನಗರಗಳಲ್ಲಿ ಟಾಟಾ ಪವರ್ ಮತ್ತು ಅದಾನಿ ಎಲೆಕ್ಟ್ರಿಸಿಟಿ ಎರಡಕ್ಕೂ ಲೈಸೆನ್ಸ್ ಉಂಟು. ಅದಾನಿಯದು 2018ರವರೆಗೆ ರಿಲಯನ್ಸ್ ಆಗಿತ್ತು, ಅದಕ್ಕೂ ಮೊದಲು ಬಿಎಸ್‌ಇಎಸ್. 2008ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಲ್ಲಿನ ಮನೆಯವರು ಒಂದು ಕಂಪನಿ ಬಿಟ್ಟು ಇನ್ನೊಂದನ್ನು ಹಿಡಿಯಬಹುದು. ತಂತಿ ಒಬ್ಬರದು, ಬಿಲ್ಲು ಇನ್ನೊಬ್ಬರದು ಆಗಿರುವ ಮನೆಗಳು ನಮ್ಮ ಬಿಲ್ಡಿಂಗಿನಲ್ಲೇ ಇವೆ. ದೇಶದ ಬೇರೆ ಊರಿನಲ್ಲಿ ಖರ್ಚನ್ನು ಬಿಲ್ಲಿಗೆ ದಾಟಿಸಿದರೆ ಗ್ರಾಹಕ ಹೋಗುವುದಾದರೂ ಎಲ್ಲಿಗೆ? ಇಲ್ಲಿ ಹೋಗುತ್ತಾನೆ. ಯೂನಿಟ್ಟಿಗೆ ಐವತ್ತು ಪೈಸೆ ವ್ಯತ್ಯಾಸ ಬಿದ್ದರೆ ದೊಡ್ಡ ಬಳಕೆಯ ಗ್ರಾಹಕರು ಮೊದಲು ಎದ್ದು ನಡೆಯುತ್ತಾರೆ. ಆದ್ದರಿಂದ ಮುಂದೆ ಹೊಗೆಗೆ ಬೆಲೆ ಬಿದ್ದರೆ ಅದರ ಬಿಸಿ ಈ ಎರಡು ಕಂಪನಿಗಳಿಗೆ ಬೇರೆಲ್ಲರಿಗಿಂತ ಮೊದಲು ತಟ್ಟುತ್ತದೆ.

ಅವರ ನಡೆಯಲ್ಲಿ ಅದು ಆಗಲೇ ಕಾಣುತ್ತಿದೆ. ಅದಾನಿ ಎಲೆಕ್ಟ್ರಿಸಿಟಿ ಬಹುಕಾಲ ತನ್ನ ಡಹಾಣುವಿನ 500 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ ಮೇಲೆ ನಿಂತಿತ್ತು. 2021ರಲ್ಲಿ ವಿದೇಶದಲ್ಲಿ 30 ಕೋಟಿ ಡಾಲರ್ ಸಾಲ ಎತ್ತಿದಾಗ, 2027ರ ಹೊತ್ತಿಗೆ ನವೀಕರಿಸಬಹುದಾದ ವಿದ್ಯುತ್ತಿನ ಪಾಲನ್ನು ಶೇ. 60ಕ್ಕೆ ಏರಿಸುತ್ತೇವೆ ಎಂಬ ಮಾತನ್ನು ಸಾಲಪತ್ರದೊಳಗೇ ಬರೆದುಕೊಟ್ಟಿತು. ರಾಜಸ್ಥಾನದ ಜೈಸಲ್ಮೇರಿನ 700 ಮೆಗಾವ್ಯಾಟ್ ಗಾಳಿ-ಬಿಸಿಲಿನ ಯೋಜನೆಯಿಂದ ಯೂನಿಟ್ಟಿಗೆ 3 ರೂಪಾಯಿ 24 ಪೈಸೆಯಂತೆ ಕೊಳ್ಳುವ ದೀರ್ಘಾವಧಿ ಒಪ್ಪಂದ ಅದರ ದೊಡ್ಡ ಆಧಾರ. ಇಲ್ಲಿ ಹೊಗೆಯ ಬೆಲೆಯನ್ನು ಕಟ್ಟಿದ್ದು ಸರ್ಕಾರದ ಮಾರುಕಟ್ಟೆ ಅಲ್ಲ, ಸಾಲ ಕೊಟ್ಟವರು. ಇಂಧನ ಬೇಡದ ಇಂಥ ವಿದ್ಯುತ್ತಿಗೆ ನಾಳೆ ಇಂಗಾಲದ ಬೆಲೆ ಎಷ್ಟೇ ಏರಿದರೂ ಒಂದು ಪೈಸೆಯೂ ಹೆಚ್ಚುವುದಿಲ್ಲ. ಎಫ್‌ಎಸಿ ಸಾಲು ಅದರಿಂದ ಉಬ್ಬುವುದಿಲ್ಲ.

ಟಾಟಾದವರದು ಇನ್ನೊಂದು ದಾರಿ. ಹೊಸ ಕಲ್ಲಿದ್ದಲು ಸ್ಥಾವರ ಕಟ್ಟುವುದಿಲ್ಲ ಎಂದು ಹೇಳಿದ್ದಾರೆ. ಭಿವಪುರಿ ಮತ್ತು ಶಿರವಟಾದಲ್ಲಿ ಒಟ್ಟು 2,800 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ 2023ರಲ್ಲಿ ಮಹಾರಾಷ್ಟ್ರ ಸರ್ಕಾರದ ಜೊತೆ ಒಡಂಬಡಿಕೆ ಆಯಿತು. ಹಗಲು ಬಿಸಿಲಿನ ಅಗ್ಗದ ಕರೆಂಟಿನಿಂದ ಕೆಳಗಿನ ಕೆರೆಯ ನೀರನ್ನು ಘಟ್ಟದ ಮೇಲಕ್ಕೆ ಎತ್ತಿಟ್ಟು, ಸಂಜೆ ದೀಪ ಹತ್ತುವ ಹೊತ್ತಿಗೆ ಕೆಳಗೆ ಬಿಡುವುದು. ಈ ಘಟ್ಟದ ಕರೆಂಟಿಗೂ ಹೊಗೆಗೂ ಹಳೆಯ ನಂಟಿದೆ. ಗಿರಣಿಗಳ ಹೊಗೆಗೆ ಬೇಸತ್ತು ಮುಂಬೈಯಲ್ಲಿ 1912ರಲ್ಲೇ ಹೊಗೆಯ ಉಪದ್ರವ ತಡೆಯುವ ಕಾನೂನು ಬಂದಿತ್ತು. ಮೂರು ವರ್ಷದಲ್ಲಿ, 1915ರಲ್ಲಿ, ಖೋಪೋಲಿಯ ಜಲವಿದ್ಯುತ್ ಗಿರಣಿಗಳಿಗೆ ಹರಿಯಿತು. ಇಂಥ ಜಲವಿದ್ಯುತ್ತಿಗೆ ಬೆಲೆ ತೆತ್ತವರೂ ಇದ್ದಾರೆ. ಮುಳಶಿ ಅಣೆಕಟ್ಟಿಗೆ ನೆಲ ಕಳೆದುಕೊಂಡ ಮಾವಳ ರೈತರಿಗಾಗಿ 1921ರಿಂದ ಸೇನಾಪತಿ ಬಾಪಟ್ ಸತ್ಯಾಗ್ರಹ ನಡೆಸಿದರು. ಸ್ವಚ್ಛ ಕರೆಂಟು ಎನ್ನುವಾಗ ಆ ರೈತರನ್ನು ಮರೆಯುವುದು ನನ್ನಿಂದ ಆಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಮುಂಬೈಯ ಹೊಗೆ ಯಾಕೆ ನಿಂತಿಲ್ಲ? ತಂತಿ ಇಲ್ಲದ್ದಕ್ಕೆ. ಮೂರು ಕಡೆ ನೀರು ಸುತ್ತುವರಿದ, ಒಂದಡಿ ಜಾಗಕ್ಕೂ ಜಗಳವಿರುವ ಊರು ಇದು. ಹೊರಗಿನ ಕರೆಂಟನ್ನು ಒಳಗೆ ತರುವ ದಾರಿಗಳು ಕಡಿಮೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಆ ದಾರಿಗಳು ಕೈಕೊಟ್ಟವು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು, ಕೋವಿಡ್ ಕಾಲದ ಆಸ್ಪತ್ರೆಗಳು ಜನರೇಟರಿಗೆ ಓಡಿದವು. ಅಂದು ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಹಿರಿಯರನ್ನು ಹೊರಗೆ ತೆಗೆಯಲು ವಾಚ್‌ಮನ್ ಜೊತೆ ನಾನೂ ಮೆಟ್ಟಿಲು ಹತ್ತಿದ್ದೆ. ಅಂಥ ದಿನ ಕಂಡ ಮೇಲೆ ಊರೊಳಗಿನ ಸ್ಥಾವರವನ್ನು ಮುಚ್ಚಿ ಎಂದು ಸುಲಭಕ್ಕೆ ಹೇಳಲು ಯಾವ ಅಧಿಕಾರಿಗೂ ಧೈರ್ಯ ಬರುವುದಿಲ್ಲ. ಖಾರ್ಘರ್-ವಿಕ್ರೋಲಿ ನಡುವಿನ 400 ಕಿಲೊವೋಲ್ಟ್ ಲೈನು 2023ರಲ್ಲಿ ಮುಗಿಯಿತು. ಕುಡೂಸಿನಿಂದ ಆರೆಗೆ 1,000 ಮೆಗಾವ್ಯಾಟಿನ ಇನ್ನೊಂದು ಲೈನನ್ನು ಕೈಗೆತ್ತಿಕೊಂಡಿದ್ದಾರೆ. ಇಂಗಾಲಕ್ಕೆ ಟನ್ನಿಗೆ 8,000 ಅಲ್ಲ, 10,000 ರೂಪಾಯಿ ಕಟ್ಟಿದರೂ, ತಂತಿ ಇಲ್ಲದ ಊರಿನಲ್ಲಿ ಕಲ್ಲಿದ್ದಲು ಓಡಲೇಬೇಕು. ಆ ಹಣ ಎಫ್‌ಎಸಿ ಆಗಿ ಶೆಟ್ಟರ ಬಿಲ್ಲಿಗೆ ಬರುತ್ತದೆ, ಹೊಗೆ ಒಂದು ಗ್ರಾಂ ಕಡಿಮೆಯಾಗುವುದಿಲ್ಲ.

ಈಗಿನ ಹೊಸ ವ್ಯವಸ್ಥೆಗೆ ಬರುತ್ತೇನೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಪ್ರಕಟಿಸಿತು. 2025ರ ಅಕ್ಟೋಬರಿನಲ್ಲಿ ಸಿಮೆಂಟು, ಅಲ್ಯೂಮಿನಿಯಂ, ಕ್ಲೋರ್-ಆಲ್ಕಲಿ, ಕಾಗದದ 282 ಕಾರ್ಖಾನೆಗಳಿಗೆ ಮೊದಲ ಗುರಿ ಬಂತು. ಆನಂತರ ಪೆಟ್ರೋಲಿಯಂ ಶುದ್ಧೀಕರಣ, ಜವಳಿಯಂಥ ಕ್ಷೇತ್ರಗಳ ಸರದಿ. ಒಂದು ಟನ್ ಉತ್ಪನ್ನಕ್ಕೆ ಎಷ್ಟು ಇಂಗಾಲ ಎಂಬುದು ಗುರಿ. ಅದಕ್ಕಿಂತ ಕಡಿಮೆ ಮಾಡಿದವನಿಗೆ ಕ್ರೆಡಿಟ್, ತಪ್ಪಿದವನು ಕೊಳ್ಳಬೇಕು. ಕೊಳ್ಳದೆ ಹೋದರೆ ಮಾರುಕಟ್ಟೆಯ ಸರಾಸರಿ ಬೆಲೆಯ ಎರಡು ಪಟ್ಟು ದಂಡ. ಆದರೆ ದೇಶದಲ್ಲಿ ಅತಿ ಹೆಚ್ಚು ಇಂಗಾಲ ಬಿಡುವ ಉಷ್ಣ ವಿದ್ಯುತ್ ಸ್ಥಾವರಗಳು ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಚೀನಾ 2021ರ ಜುಲೈಯಲ್ಲಿ ತನ್ನ ಮಾರುಕಟ್ಟೆ ತೆರೆದಾಗ ವಿದ್ಯುತ್ ಸ್ಥಾವರಗಳಿಂದಲೇ ಶುರು ಮಾಡಿತ್ತು. ನಾವು ಅವನ್ನು ಹಿಂದಕ್ಕೆ ಇಟ್ಟಿದ್ದೇವೆ. ವಿದ್ಯುತ್ ದರ ಏರಿದರೆ ಜನ ಸಿಟ್ಟಾಗುತ್ತಾರೆಂಬ ಅಂಜಿಕೆ ನನಗೆ ಅರ್ಥವಾಗುತ್ತದೆ.

ಆದರೆ ಹಿಂದಕ್ಕೆ ಇಟ್ಟದ್ದು ಎಂದಾದರೂ ಮುಂದೆ ಬರಲೇಬೇಕು. ಬಂದಾಗ ನಿಯಮ ಹೇಗಿರಬೇಕು? ಗುರಿ ತಪ್ಪಿದ್ದಕ್ಕೆ ಕೊಳ್ಳುವ ಕ್ರೆಡಿಟ್ಟಿನ ಹಣದಲ್ಲಿ ಒಂದು ಪಾಲಾದರೂ ಕಂಪನಿಯ ಪ್ರತಿಫಲದಿಂದಲೇ ಕಡಿತವಾಗಬೇಕು. ಇಡೀ ಹಣ ಇಂಧನದ ಖರ್ಚೆಂದು ಬಿಲ್ಲಿಗೆ ದಾಟಬಾರದು. ಗುರಿ ಮೀರಿ ಉಳಿಸಿದರೆ ಅದರಲ್ಲೂ ಪಾಲು ಸಿಗಬೇಕು. ಆಗ ಹಣಕಾಸು ಅಧಿಕಾರಿ ಮುಂದಿನ ಇಪ್ಪತ್ತೈದು ವರ್ಷದ ಖರೀದಿ ಒಪ್ಪಂದಕ್ಕೆ ಸಹಿ ಹಾಕುವಾಗ ಹೊಗೆಯ ಬೆಲೆಯನ್ನು ತಾನಾಗಿ ಲೆಕ್ಕ ಹಾಕುತ್ತಾನೆ. ಊರಿಗೆ ಹೋದಾಗಲೂ ನನ್ನನ್ನು ಇದೇ ಕಾಡುತ್ತದೆ. ನನ್ನ ತವರು ಕಾಪು. ಹತ್ತಿರದ ಎಲ್ಲೂರಿನಲ್ಲಿ ಹಡಗಿನಲ್ಲಿ ತಂದ ಕಲ್ಲಿದ್ದಲು ಉರಿಸುವ 1,200 ಮೆಗಾವ್ಯಾಟಿನ ಸ್ಥಾವರ ಇದೆ. ಅದರ ಕರೆಂಟಿನ ಬಹುಪಾಲು ಕರ್ನಾಟಕದ ಗ್ರಾಹಕರದು. ಬೆಂಗಳೂರಿನ ಬಿಲ್ಲಿಗೂ ಚೆಂಬೂರಿನ ಬಿಲ್ಲಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಇದನ್ನೆಲ್ಲ ಒಂದು ವಾರ ಕಾಫಿಯ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಶೆಟ್ಟರಿಗೆ ಹೇಳಿದೆ. 2021ರಲ್ಲಿ ಮಹಾರಾಷ್ಟ್ರದ ನಿಯಂತ್ರಣ ಆಯೋಗ ಹಸಿರು ದರ ಎಂಬುದನ್ನು ತಂದದ್ದನ್ನೂ ಹೇಳಿದೆ. ಆಗ ಯೂನಿಟ್ಟಿಗೆ 66 ಪೈಸೆ ಹೆಚ್ಚು ಕೊಟ್ಟರೆ ಪೂರ್ತಿ ನವೀಕರಿಸಬಹುದಾದ ಕರೆಂಟು ಕೇಳಿ ಪಡೆಯಬಹುದಿತ್ತು. ಅವರು ಗ್ರೈಂಡರು, ಫ್ರಿಜ್ಜು, ಎಕ್ಸಾಸ್ಟ್ ಫ್ಯಾನಿನ ಲೆಕ್ಕ ಮನಸ್ಸಲ್ಲೇ ಹಾಕಿ, “ಹೋಟೆಲಿಗೆ ಅದು ಹೊರೆ ಆಗ್ತದೆ ಅಕ್ಕ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಕಂಪನಿಯ ಲಾಭದಲ್ಲಿ ಕಡಿತ ಮಾಡಿ ಅಂತ ನಮ್ಮಂಥವರು ಹೇಳ್ಲಿಕ್ಕೆ ಆಗ್ತದಾ?” ಎಂದು ಕೇಳಿದರು.

ಆಗುತ್ತದೆ. ದರ ಅರ್ಜಿ ಬಂದಾಗ ಆಯೋಗ ಸಾರ್ವಜನಿಕರಿಂದ ಸೂಚನೆ, ಆಕ್ಷೇಪಣೆ ಕರೆಯುತ್ತದೆ. ಕಫ್ ಪರೇಡಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಅದರ ಕಚೇರಿ. ನೌಕರಿಯಲ್ಲಿದ್ದಾಗ ಎಷ್ಟೋ ವಿಚಾರಣೆಗಳಲ್ಲಿ ಕಂಪನಿಯ ಸಾಲಿನಲ್ಲಿ ಕಡತ ಹಿಡಿದು ಕೂತಿದ್ದೇನೆ. ಗ್ರಾಹಕರ ಕುರ್ಚಿಗಳು ಅರ್ಧಕ್ಕೂ ಹೆಚ್ಚು ಖಾಲಿ ಇರುತ್ತಿದ್ದವು. ಮುಂದಿನ ಅರ್ಜಿಗೆ ಕೊಡಲೆಂದು ಒಂದೂವರೆ ಪುಟದ ಕರಡು ಮರಾಠಿಯಲ್ಲಿ ಬರೆದಿದ್ದೇನೆ. ಶೆಟ್ಟರು ಬಿಲ್ಲಿನ ಜೆರಾಕ್ಸ್ ತೆಗೆಸಿ ಅದಕ್ಕೆ ಪಿನ್ ಮಾಡಿ ಗಲ್ಲೆಯ ಖಾನೆಯಲ್ಲಿ ಇಟ್ಟುಕೊಂಡಿದ್ದಾರೆ. ಪಕ್ಕದ ಲಾಂಡ್ರಿಯವರೂ, ಎದುರಿನ ಮೆಡಿಕಲ್ ಸ್ಟೋರಿನವರೂ ಸಹಿ ಹಾಕುತ್ತೇವೆ ಎಂದಿದ್ದಾರೆ.